ಕಟ್ಟು ಬಿಚ್ಚುವವರು: ವ್ಯಸನಮುಕ್ತರ ಕೂಟಗಳು ಮತ್ತು ಗುರುಗಳ ಹೊಣೆ

ಮದ್ಯವ್ಯಸನಕ್ಕೆ ಸಿಲುಕಿದ ವಿಶ್ವಾಸಿಯೊಬ್ಬನು ಪಾಪನಿವೇದನೆಗೆ ಬರುತ್ತಾನೆ. ಇನ್ನು ಕುಡಿಯುವುದಿಲ್ಲವೆಂದು ಮನಃಪೂರ್ವಕವಾಗಿ ಸಂಕಲ್ಪ ಮಾಡುತ್ತಾನೆ. ಕ್ಷಮೆ ಪಡೆದು ಹಿಂದಿರುಗುತ್ತಾನೆ. ಹದಿನೈದು ದಿನಗಳಲ್ಲಿ ಮತ್ತೆ ಬೀಳುತ್ತಾನೆ. ಆಗ ಗುರುಗಳು ಅವನ ಪಶ್ಚಾತ್ತಾಪವನ್ನು ಸಂಶಯಿಸುವುದುಂಟು. ಅವನೋ ದೇವರ ಕರುಣೆಯನ್ನೇ ಸಂಶಯಿಸತೊಡಗುತ್ತಾನೆ. ಕೊರತೆಯಿರುವುದು ಸಂಸ್ಕಾರದಲ್ಲಲ್ಲ, ಅದರ ಅನಂತರ ಅವನು ಅನುಭವಿಸುವ ಒಂಟಿತನದಲ್ಲಿ.

ಸಂತ ಯೊವಾನ್ನರ ಶುಭಸಂದೇಶದ ೧೧ನೆಯ ಅಧ್ಯಾಯವನ್ನು ನೆನೆಯೋಣ. ಲಾಜರನನ್ನು ಸಮಾಧಿಯಿಂದ ಹೊರಗೆ ಕರೆದವರು ಪ್ರಭು ಯೇಸು ಒಬ್ಬರೇ. ಆದರೆ ಅವನ ಕೈಕಾಲುಗಳ ಕಟ್ಟು ಬಿಚ್ಚುವ ಕೆಲಸವನ್ನು ಅವರು ಸುತ್ತ ನಿಂತಿದ್ದವರಿಗೆ ಒಪ್ಪಿಸಿದರು. ಜೀವ ಕೊಡುವುದು ಕೃಪೆ. ಕಟ್ಟು ಬಿಚ್ಚುವುದು ಸಮುದಾಯದ ಸೇವೆ. ವ್ಯಸನಮುಕ್ತರ ಕೂಟಗಳ ಸ್ಥಾನ ಇದೇ.

ಇವುಗಳಲ್ಲಿ ಹೆಸರಾದುದು ಆಲ್ಕೊಹಾಲಿಕ್ಸ್ ಅನಾನಿಮಸ್. ೧೯೩೫ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಕುಡಿತ ಬಿಡುವ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಇದರ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು, ತನ್ನ ತಪ್ಪುಗಳನ್ನು ದೇವರ ಮುಂದೆ, ತನ್ನ ಮುಂದೆ ಹಾಗೂ ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು. ಇದು ಪಾಪನಿವೇದನೆಗೆ ಬದಲಿಯಲ್ಲ. ಅದಕ್ಕೆ ಹೃದಯವನ್ನು ಸಿದ್ಧಪಡಿಸುವಂಥದು. ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್ ಅವರು ಈ ಹೆಜ್ಜೆಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆಯನ್ನು ಗುರುತಿಸಿ ವಿಲ್ಸನ್‌ರ ಆಪ್ತರಾದರು.

ಉಜಿರೆಯ ಪರಿಸರದ ಗುರುಗಳಿಗೆ ಇನ್ನೂ ಹತ್ತಿರದ ಕೂಟವೊಂದಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಶಿಬಿರ ಕೆಲವೇ ದಿನಗಳದು. ಬಳಿಕ ಪಾನಮುಕ್ತರು ಒಬ್ಬರನ್ನೊಬ್ಬರು ಕಾಯುವುದು ನವಜೀವನ ಸಮಿತಿಗಳಲ್ಲಿ. ಅನ್ಯಧರ್ಮೀಯ ಕ್ಷೇತ್ರದ ಆಶ್ರಯದಲ್ಲಿರುವ ಕೂಟಕ್ಕೆ ಕ್ರೈಸ್ತನನ್ನು ಕಳುಹಿಸಬಹುದೇ? ಕಳುಹಿಸಬಹುದೆಂದೇ ನಮ್ಮ ಅಭಿಪ್ರಾಯ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಬೋಧಿಸಿತು. ಗಾಯಗೊಂಡು ದಾರಿಯಲ್ಲಿ ಬಿದ್ದವನು ಸಮಾರಿಯದವನ ಕೈಯನ್ನು ನಿರಾಕರಿಸಲಿಲ್ಲ. ಅಲ್ಲಿನ ಭಜನೆಯ ವೇಳೆ ನಮ್ಮವನು ಗೌರವದಿಂದ ಮೌನವಾಗಿರಬಹುದು. ಅವನ ಬಲಿಪೂಜೆ, ಪ್ರಾರ್ಥನೆಗಳನ್ನು ಪೋಷಿಸುವ ಹೊಣೆ ನಮ್ಮದು.

ಇನ್ನು ಕೆಲವು ವ್ಯಾವಹಾರಿಕ ಸೂಚನೆಗಳು. ಮೊದಲನೆಯದಾಗಿ, ಬಹುಕಾಲ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಪ್ರಾಣಾಪಾಯವಾಗಬಹುದು; ಆದ್ದರಿಂದ ಮೊದಲು ವೈದ್ಯರು, ಬಳಿಕ ಕೂಟ. ಎರಡನೆಯದಾಗಿ, ಹೊರಗಿನವರಿಗೂ ಪ್ರವೇಶವಿರುವ ಮುಕ್ತ ಸಭೆಗೆ ಗುರುಗಳು ತಾವೇ ಮೊದಲು ಹೋಗಿ ಕೇಳಲಿ. ಮೂರನೆಯದಾಗಿ, ಬರೀ ವಿಳಾಸ ಕೊಟ್ಟು ಕಳುಹಿಸದೆ ಮೊದಲ ದಿನ ಜೊತೆಗೂಡಿ ಹೋಗಲಿ, ಇಲ್ಲವೇ ಸದಸ್ಯನೊಬ್ಬನ ಪರಿಚಯ ಮಾಡಿಸಲಿ. ನಾಲ್ಕನೆಯದಾಗಿ, ಮನೆಯವರನ್ನು ಮರೆಯಬಾರದು. ೧೯೫೧ರಲ್ಲಿ ಹುಟ್ಟಿದ ಅಲ್-ಅನಾನ್ ಅವರಿಗಾಗಿಯೇ ಇರುವ ಕೂಟ. ಐದನೆಯದಾಗಿ, ಪಾಪನಿವೇದನೆಯಲ್ಲಿ ಕೇಳಿದುದು ಯಾವ ಸಮಿತಿಯ ಕಿವಿಗೂ ಬೀಳಕೂಡದು. ನೆರವಿನ ಮಾತುಕತೆ ಅದರ ಹೊರಗೆ, ಅವನ ಒಪ್ಪಿಗೆಯಿಂದಲೇ ಆರಂಭವಾಗಲಿ. ಕೂಟಕ್ಕೆ ಇಗರ್ಜಿಯ ಸಭಾಂಗಣ ಕೊಡುವುದು ಒಳಿತು. ಆದರೆ ಅಧ್ಯಕ್ಷಪೀಠ ನಮಗೆ ಬೇಡ. ನಮ್ಮ ರೋಸ್, ಮದುವೆಗಳಲ್ಲಿ ಕುಡಿಯದವನನ್ನು ಒತ್ತಾಯಿಸದಿರುವುದನ್ನೂ ಬೋಧಿಸಬೇಕು.

ಗುರುಗಳೂ ಈ ರೋಗಕ್ಕೆ ಅತೀತರಲ್ಲ. ದ್ರಾಕ್ಷಾರಸ ಸೇವಿಸಲಾಗದ ಗುರುವು ಧರ್ಮಾಧ್ಯಕ್ಷರ ಅನುಮತಿಯಿಂದ ಬಲಿಪೂಜೆಯಲ್ಲಿ ಹುದುಗುವಿಕೆ ತಡೆದ ದ್ರಾಕ್ಷಾರಸವಾದ ಮುಸ್ತುಂ ಬಳಸಬಹುದೆಂದು ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು ೨೦೦೩ರಲ್ಲಿ ಸ್ಪಷ್ಟಪಡಿಸಿದೆ. ಇತರರಿಗೆ ನಾವು ತೋರಿಸುವ ಕೂಟದ ಬಾಗಿಲು ನಮಗೂ ತೆರೆದಿದೆ. ಅಲ್ಲಿ ನಾವೂ ಕಟ್ಟು ಬಿಚ್ಚಿಸಿಕೊಳ್ಳಬೇಕಾದವರಾಗಿಯೇ ಕೂರುತ್ತೇವೆ.