ಅಗ್ನಿಶಾಮಕ ಸಿಬ್ಬಂದಿಯ ಪ್ರಾಯೋಗಿಕ ತರಬೇತಿ: ಉದ್ಯಮದ ಹಿತವೂ ಹೌದು, ಹೊಣೆಯೂ ಹೌದು

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಸರಕು ಹಡಗಿಗೆ ಬೆಂಕಿ ತಗುಲಿ, ಭೀಕರ ಸ್ಫೋಟಗಳು ಸಂಭವಿಸಿದವು. ಬೆಂಕಿ ನಂದಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಆ ಹಡಗಿನಲ್ಲಿ ಹತ್ತಿಯ ಅಂಡಿಗೆಗಳು, ಎಣ್ಣೆ ಮತ್ತು ಸ್ಫೋಟಕಗಳು ಒಟ್ಟಿಗೇ ಇದ್ದವು. ಬೆಂಕಿಯ ಎದುರು ನಿಂತವರ ಪ್ರಾಣವು, ಒಳಗೆ ಯಾವ ಸರಕಿನ ಪಕ್ಕದಲ್ಲಿ ಯಾವ ಸರಕಿದೆ ಎಂಬುದನ್ನು ಅವಲಂಬಿಸಿರುತ್ತದೆ. ವ್ಯಾಪಾರಿಗಳೂ ಸಣ್ಣ ಉದ್ಯಮಿಗಳೂ ಆದ ನಾವು ಈ ದುರಂತದಿಂದ ಕಲಿಯಬೇಕಾದ ಪಾಠ ಇದು.

ತರಬೇತಿಯ ವ್ಯವಸ್ಥೆ

ಅಗ್ನಿಶಾಮಕ ಅಧಿಕಾರಿಗಳ ತರಬೇತಿಗಾಗಿ ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಇದೆ. 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಆರಂಭವಾದ ಈ ಸಂಸ್ಥೆ ಮರುವರ್ಷ ನಾಗಪುರಕ್ಕೆ ಸ್ಥಳಾಂತರಗೊಂಡಿತು. ಉಪಾಧಿಕಾರಿ, ಠಾಣಾಧಿಕಾರಿ ಹಾಗೂ ವಿಭಾಗೀಯ ಅಧಿಕಾರಿಗಳ ತರಬೇತಿಯ ಜೊತೆಗೆ ಅಗ್ನಿ ತಂತ್ರಜ್ಞಾನದಲ್ಲಿ ಇಂಜಿನಿಯರಿಂಗ್ ಪದವಿ ಶಿಕ್ಷಣವೂ ಅಲ್ಲಿ ದೊರೆಯುತ್ತದೆ. ನಮ್ಮ ರಾಜ್ಯದ ಸಿಬ್ಬಂದಿಗೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ ನೀಡಲಾಗುತ್ತದೆ.

ಪುಸ್ತಕದಿಂದ ಬಾರದ ವಿದ್ಯೆ

ಹೋಸ್ ಬಿಚ್ಚುವುದು, ಏಣಿ ಏರುವುದು, ಪಂಪು ನಡೆಸುವುದು, ಹಗ್ಗದ ಗಂಟು ಹಾಕುವುದು ಇವೆಲ್ಲ ನೋಡಲು ಸರಳವೆನಿಸುತ್ತವೆ. ಆದರೆ ಕಣ್ಣು ಕಾಣದ ಹೊಗೆಯಲ್ಲಿ, ಭಾರವಾದ ಉಡುಪು ಧರಿಸಿ ಇವನ್ನೇ ಮಾಡಬೇಕಾದಾಗ ಕೈಗೆ ಅಭ್ಯಾಸವಿಲ್ಲದಿದ್ದರೆ ಬುದ್ಧಿ ನೆರವಿಗೆ ಬಾರದು. ಆದ್ದರಿಂದಲೇ ಹೊಗೆ ತುಂಬಿದ ಕೋಣೆಯಲ್ಲಿ ಗೋಡೆಯನ್ನು ಮುಟ್ಟುತ್ತ ತೆವಳಿ ಸಾಗುವ ಅಭ್ಯಾಸವನ್ನು ಮಾಡಿಸಲಾಗುತ್ತದೆ.

ಉಸಿರಾಟದ ಸಾಧನದ ಉದಾಹರಣೆಯನ್ನೇ ನೋಡೋಣ. 6 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಸುಮಾರು 1,800 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 40 ಲೀಟರ್ ಬಳಸಿದರೆ ಅದು 45 ನಿಮಿಷ ಸಾಕಾಗಬೇಕು. ಆದರೆ ಗಾಬರಿಯಿಂದ, ಶ್ರಮದಿಂದ ಏದುಸಿರು ಬಿಡುವವನು 60 ಲೀಟರ್ ಬಳಸಿದರೆ 30 ನಿಮಿಷಕ್ಕೇ ಅದು ಮುಗಿಯುತ್ತದೆ. ಹಿಂದಿರುಗುವ ದಾರಿಗೆ ಬೇಕಾದ ಗಾಳಿಯನ್ನೂ ಇದರಲ್ಲಿಯೇ ಉಳಿಸಿಕೊಳ್ಳಬೇಕು. ಉಸಿರನ್ನು ಹತೋಟಿಯಲ್ಲಿಟ್ಟುಕೊಳ್ಳುವ ಈ ಕಲೆ ಪದೇ ಪದೇ ಅಭ್ಯಾಸ ಮಾಡಿದವರಿಗೆ ಮಾತ್ರ ಸಿದ್ಧಿಸುತ್ತದೆ.

ಒಮ್ಮೆ ಪಡೆದ ತರಬೇತಿ ಸೇವಾವಧಿಯುದ್ದಕ್ಕೂ ಸಾಲದು. ಸರಕುಗಳು ಬದಲಾದಂತೆ ಬೆಂಕಿಯ ಸ್ವಭಾವವೂ ಬದಲಾಗಿದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ನಡೆಸಿದ ಪ್ರಯೋಗವೊಂದರಲ್ಲಿ, ಹಳೆಯ ಕಾಲದ ಪೀಠೋಪಕರಣಗಳಿದ್ದ ಕೋಣೆ ಇಡಿಯಾಗಿ ಹೊತ್ತಿಕೊಳ್ಳಲು 29 ನಿಮಿಷ ಬೇಕಾಯಿತು. ಫೋಮ್ ಮತ್ತು ಕೃತಕ ನೂಲಿನ ಸಾಮಗ್ರಿಗಳಿದ್ದ ಕೋಣೆಗೆ 5 ನಿಮಿಷವೂ ಹಿಡಿಯಲಿಲ್ಲ. ನಮ್ಮ ಅಂಗಡಿ, ಗೋದಾಮುಗಳಲ್ಲಿ ಇಂದು ತುಂಬಿರುವುದು ಈ ಎರಡನೆಯ ಬಗೆಯ ಸರಕೇ.

ಠಾಣೆಯ ಅಂಗಳ ಸಾಲದು

ಠಾಣೆಯ ಅಂಗಳದಲ್ಲಿ ಎಷ್ಟೇ ಅಭ್ಯಾಸ ಮಾಡಿದರೂ ನಿಮ್ಮ ಕಾರ್ಖಾನೆಯ ಒಳದಾರಿ ಸಿಬ್ಬಂದಿಗೆ ತಿಳಿಯುವುದಿಲ್ಲ. ಹತ್ತಿಯ ಅಂಡಿಗೆ ಹೊರಗೆ ನಂದಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕನಲುತ್ತಿರುತ್ತದೆ. ಥಿನ್ನರಿನ ಆವಿ ನೆಲದ ಮೇಲೆ ಹರಿದು ದೂರದ ಕಿಡಿಯನ್ನು ತಲಪುತ್ತದೆ. ಕಾದ ಎಣ್ಣೆಗೆ ನೀರು ಬಿದ್ದರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನೇ ಸುತ್ತಲೂ ಚಿಮ್ಮಿಸುತ್ತದೆ. ಒಳಗೆ ಇರುವುದು ಏನೆಂದು ಅರಿಯದೆ ಒಳಹೋಗುವ ಸಿಬ್ಬಂದಿ ಕತ್ತಲಲ್ಲಿ ಬಾವಿಗೆ ಇಳಿದಂತೆ.

ನೀರಿನ ಲೆಕ್ಕವನ್ನೂ ಗಮನಿಸಬೇಕು. 4,500 ಲೀಟರ್ ನೀರು ತರುವ ವಾಹನದಿಂದ ನಿಮಿಷಕ್ಕೆ 450 ಲೀಟರ್ ಹರಿಸಿದರೆ 10 ನಿಮಿಷದಲ್ಲಿ ಟ್ಯಾಂಕು ಬರಿದಾಗುತ್ತದೆ. ಅನಂತರ ನಿಮ್ಮ ಆವರಣದ ನೀರಿನ ತೊಟ್ಟಿಯೇ ಗತಿ. ಅದರ ಬಳಿಗೆ ವಾಹನ ಹೋಗಲು ದಾರಿಯೇ ಇಲ್ಲದಿದ್ದರೆ, ತೊಟ್ಟಿ ತುಂಬಿದ್ದರೂ ಪ್ರಯೋಜನವಿಲ್ಲ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಮಂದಿ ಸಾವಿಗೀಡಾದರು. ಹೊಗೆ ಮಹಡಿಗಳನ್ನು ತುಂಬಿದಾಗ, ಉಸಿರುಗಟ್ಟಿದವರಲ್ಲಿ ಕೆಲವರು ಕಿಟಕಿಗಳಿಂದ ಜಿಗಿದರು. ಎಂತಹ ನುರಿತ ಸಿಬ್ಬಂದಿಯೂ ತಲಪುವ ಮೊದಲು ಕೆಲವು ನಿಮಿಷಗಳು ಕಳೆದಿರುತ್ತವೆ. ಆ ನಿಮಿಷಗಳ ಹೊಣೆ ಕಟ್ಟಡದ ಒಳಗಿರುವವರದು.

ಸದಸ್ಯರು ಮಾಡಬೇಕಾದ ಕೆಲಸ

1. ಸಮೀಪದ ಠಾಣಾಧಿಕಾರಿಗಳನ್ನು ನಿಮ್ಮ ಘಟಕಕ್ಕೆ ಆಹ್ವಾನಿಸಿ. ಅಲ್ಲಿನ ಸಿಬ್ಬಂದಿಯ ಅಭ್ಯಾಸಕ್ಕೆ ನಿಮ್ಮ ಆವರಣವನ್ನು ಒದಗಿಸಿ. ವರ್ಷಕ್ಕೆ ಎರಡು ಬಾರಿಯಾದರೂ ಅಣಕು ಕಾರ್ಯಾಚರಣೆ ನಡೆಸಿ, ಒಮ್ಮೆ ರಾತ್ರಿ ಪಾಳಿಯಲ್ಲಿಯೂ ನಡೆಸುವುದು ಉತ್ತಮ.

2. ಮುಖ್ಯ ವಿದ್ಯುತ್ ಸ್ವಿಚ್, ನೀರಿನ ತೊಟ್ಟಿ, ಹೊರದಾರಿಗಳು ಹಾಗೂ ರಾಸಾಯನಿಕಗಳ ಸ್ಥಳ ತೋರಿಸುವ ನಕ್ಷೆಯ ಒಂದು ಪ್ರತಿಯನ್ನು ಕಾವಲುಗಾರನ ಕೋಣೆಯಲ್ಲಿಡಿ, ಇನ್ನೊಂದನ್ನು ಠಾಣೆಗೆ ಕೊಡಿ.

3. ಪ್ರತಿ ಪಾಳಿಯಲ್ಲಿ ಕೆಲವು ಕಾರ್ಮಿಕರಿಗೆ ಅಗ್ನಿನಂದಕವನ್ನು ಸ್ವತಃ ಬಳಸಿ ನೋಡುವ ಅವಕಾಶ ಕೊಡಿ. ಗೋಡೆಗೆ ತೂಗುಹಾಕಿದ ಉಪಕರಣವನ್ನು ಎಂದೂ ಮುಟ್ಟದವನು ಆಪತ್ತಿನಲ್ಲಿ ಅದರ ಪಿನ್ನನ್ನೂ ಕೀಳಲಾರ.

4. ಹೊರದಾರಿಗೆ ಅಡ್ಡಲಾಗಿ ಸರಕು ಪೇರಿಸುವುದನ್ನೂ, ತುರ್ತು ಬಾಗಿಲಿಗೆ ಬೀಗ ಹಾಕುವುದನ್ನೂ ಇಂದೇ ನಿಲ್ಲಿಸಿ.

ಇದರಲ್ಲಿ ಹೊಸದೇನೂ ಇಲ್ಲ. ಬೆಂಕಿ ಬಿದ್ದಾಗ ಪಾರಾಗುವ ಮಾರ್ಗ ಕಾರ್ಮಿಕರಿಗೆ ತಿಳಿದಿರಬೇಕು, ಅದಕ್ಕೆ ತಕ್ಕ ತರಬೇತಿ ಅವರಿಗೆ ದೊರೆತಿರಬೇಕು ಎಂಬ ತತ್ತ್ವವನ್ನು 1948ರ ಕಾರ್ಖಾನೆಗಳ ಕಾಯ್ದೆಯೇ ಸಾರಿತ್ತು.

ಅಣಕು ಕಾರ್ಯಾಚರಣೆಗಾಗಿ ಅರ್ಧ ದಿನದ ಉತ್ಪಾದನೆ ನಿಲ್ಲುತ್ತದೆ ಎಂಬ ಆಕ್ಷೇಪ ಸಹಜ. ಆದರೆ ವಿಮೆಯ ಹಣ ಸುಟ್ಟ ಯಂತ್ರಕ್ಕೆ ಬರಬಹುದು. ಕೈತಪ್ಪಿದ ಗ್ರಾಹಕನನ್ನಾಗಲಿ, ಕಳೆದುಹೋದ ನುರಿತ ಕೆಲಸಗಾರನನ್ನಾಗಲಿ ಅದು ಮರಳಿ ತರಲಾರದು. ಅಗ್ನಿಶಾಮಕ ಸಿಬ್ಬಂದಿ ನಮ್ಮ ಬಾಗಿಲಿಗೆ ಮೊದಲ ಬಾರಿ ಬರುವ ದಿನ ಬೆಂಕಿ ಬಿದ್ದ ದಿನವಾಗಬಾರದು.