ಹೋತ್ ಬಂದರಿನ ಹದಿನೇಳಡಿಗಳು

ಡಬ್ಲಿನ್ನಿನಿಂದ ಈಶಾನ್ಯಾಭಿಮುಖವಾಗಿ ಹೊರಟ ರೈಲು ಅರ್ಧ ಗಂಟೆಯಷ್ಟರಲ್ಲಿ ತನ್ನ ಕೊನೆಯ ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ಐರ್ಲೆಂಡಿನ ನೆಲವೂ ಹೆಚ್ಚುಕಡಮೆ ಮುಗಿದಿರುತ್ತದೆ. ಎದುರಿಗೆ, ಎರಡು ಕಲ್ಲುಕಟ್ಟೆಗಳು ತೋಳು ಚಾಚಿ ತಬ್ಬಿಕೊಂಡ ಒಂದು ಪುಟ್ಟ ಬಂದರು. ಅದರಾಚೆ, ಇಂದು ಕಡಲಹಕ್ಕಿಗಳ ಮನೆಯಾಗಿರುವ ‘ಐರ್ಲೆಂಡ್ಸ್ ಐ’ ಎಂಬ ದ್ವೀಪ. ಬೆನ್ನಿಗೆ, ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ ಕೊನೆಯ ಪುಟಗಳಲ್ಲಿ ನಾಯಿಕೆಯ ನೆನಪಿಗೆ ಬರುವ ಗುಡ್ಡ. ಊರಿನ ಹೆಸರು ಹೋತ್. ಕನ್ನಡದ ಕಿವಿಗೆ ಇದು ಆಡಿನ ಹಿಂಡನ್ನು ನೆನಪಿಸಬಹುದಾದರೂ, ಶಬ್ದದ ಮೂಲ ವೈಕಿಂಗರ ನುಡಿಯಲ್ಲಿ ‘ತಲೆ’ ಎಂಬರ್ಥದ ಮಾತು. ಭೂಶಿರವೆಂಬ ನಮ್ಮ ಪದವೂ ಅದೇ ಕಲ್ಪನೆಯಿಂದ ಹುಟ್ಟಿದ್ದಷ್ಟೆ.

ಈ ಬಂದರಿಗೆ ಇತಿಹಾಸದ ಕೊರತೆಯಿಲ್ಲ. 1821ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಇಲ್ಲಿ ಕಾಲಿಟ್ಟಾಗ ಆ ಪಾದದ ಗುರುತನ್ನು ಪಶ್ಚಿಮದ ಕಟ್ಟೆಯ ಕಲ್ಲಿನಲ್ಲಿ ಕೊರೆದಿಟ್ಟರು. 1914ರ ಜುಲೈ 26ರಂದು ಅದೇ ಸಾಮ್ರಾಜ್ಯದ ವಿರುದ್ಧ ಎತ್ತಬೇಕಾದ ಬಂದೂಕುಗಳನ್ನು ಎರ್ಸ್ಕಿನ್ ಚಿಲ್ಡರ್ಸನ ‘ಆಸ್‌ಗಾರ್ಡ್’ ಎಂಬ ಹಾಯಿನೌಕೆ ಇಲ್ಲಿಯೇ ತಂದಿಳಿಸಿತು. ಆದರೆ ದೊರೆಯ ಹೆಜ್ಜೆಗಿಂತಲೂ ಬಂದೂಕಿನ ಸದ್ದಿಗಿಂತಲೂ ದೀರ್ಘವಾಗಿ ಈ ನೀರಿನ ಮೇಲೆ ಉಳಿದು ಬಂದಿರುವ ವಸ್ತು ಒಂದುಂಟು: ಮೂರು ನಾಲ್ಕು ಮಂದಿ ಕುಳಿತರೆ ತುಂಬಿಹೋಗುವ, ಮರದ ಮೈಯ, ಸಣ್ಣ ಹಾಯಿದೋಣಿಗಳ ಒಂದು ಪಂಕ್ತಿ. ‘ಹೋತ್ ಸೆವೆಂಟೀನ್’ ಎಂದು ಹೆಸರಾದ, ನಾವು ಹದಿನೇಳಡಿಗಳೆಂದು ಕರೆಯಬಹುದಾದ ಈ ದೋಣಿಗಳ ಪ್ರಥಮ ಪಂದ್ಯ ನಡೆದದ್ದು 1898ರ ಮೇ ತಿಂಗಳಲ್ಲಿ. ಅಂದಿನಿಂದ ಇಂದಿನವರೆಗೆ, ಒಂದೂಕಾಲು ಶತಮಾನಕ್ಕೆ ಮಿಕ್ಕ ಕಾಲದಲ್ಲಿ, ಅವುಗಳ ಆಕಾರವೂ ಬದಲಾಗಿಲ್ಲ, ಹಾಯಿಯ ವಿನ್ಯಾಸವೂ ಬದಲಾಗಿಲ್ಲ.

ಇದರ ಅರ್ಥವನ್ನು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಹಾಯಿಪಂದ್ಯಗಳಲ್ಲಿ ದೋಣಿಗೆ ದೋಣಿ ಸಮನಾಗಿರಲಿಲ್ಲ. ಹಣವುಳ್ಳವನು ಈ ವರ್ಷ ಒಂದು ದೋಣಿಯನ್ನು ಕಟ್ಟಿಸಿದರೆ ಅವನಿಗಿಂತ ಹೆಚ್ಚು ಹಣವುಳ್ಳವನು ಬರುವ ವರ್ಷ ಅದನ್ನು ಮೀರಿಸುವ ಇನ್ನೊಂದನ್ನು ಕಟ್ಟಿಸುವನು, ಹೋದ ವರ್ಷದ ವಿಜೇತ ದಡದಲ್ಲಿ ಒಣಗುವುದು. ಈ ವ್ಯರ್ಥವ್ಯಯಕ್ಕೆ ಬೇಸತ್ತವರು, ಎಲ್ಲರೂ ಒಂದೇ ನಕ್ಷೆಯಂತೆ ದೋಣಿ ಮಾಡಿಸತಕ್ಕದ್ದು, ಯಾರೂ ಅದನ್ನು ‘ಸುಧಾರಿಸ’ಕೂಡದು ಎಂಬ ಒಪ್ಪಂದವನ್ನು ಮಾಡಿಕೊಂಡರು. ಅದರ ಆದ್ಯ ಪ್ರಯೋಗ ‘ವಾಟರ್ ವ್ಯಾಗ್’ ಎಂಬ ತೆರೆದ ಕಿರುದೋಣಿಗಳ ರೂಪದಲ್ಲಿ ಇದೇ ಡಬ್ಲಿನ್ ಕೊಲ್ಲಿಯಲ್ಲಿ 1887ರಲ್ಲಿ ನಡೆಯಿತು. ಹತ್ತು ವರ್ಷಗಳ ತರುವಾಯ, 1895ರಲ್ಲಿ ಸ್ಥಾಪಿತವಾಗಿದ್ದ ಹೋತ್ ಸೇಲಿಂಗ್ ಕ್ಲಬ್ಬಿಗಾಗಿ ಹರ್ಬರ್ಟ್ ಬಾಯ್ಡ್ ಎಂಬ ಹವ್ಯಾಸಿ ವಿನ್ಯಾಸಕಾರನು ತನ್ನ ನಕ್ಷೆಯನ್ನು ಬರೆದನು. ಉತ್ತರದ ಕ್ಯಾರಿಕ್‌ಫರ್ಗಸ್ ಊರಿನಲ್ಲಿ ಜಾನ್ ಹಿಲ್ಡಿಚ್ ಎಂಬ ಕುಶಲಕರ್ಮಿ ಮೊದಲ ಐದು ದೋಣಿಗಳನ್ನು ಕಟ್ಟಿದನು. ಅವು ಸುಮಾರು 90 ಮೈಲಿ ಸಮುದ್ರವನ್ನು ತಾವೇ ಹಾಯ್ದು, ತಮ್ಮ ಮನೆಯಾಗಲಿದ್ದ ಬಂದರಿಗೆ ಬಂದು ಸೇರಿದುವು. 1968ರಲ್ಲಿ ಆ ಕ್ಲಬ್ಬು ಮತ್ತೊಂದರೊಡನೆ ಕೂಡಿ ಇಂದಿನ ಹೋತ್ ಯಾಚ್ ಕ್ಲಬ್ಬಾಯಿತು. ದೋಣಿಗಳು ಮಾತ್ರ ಹಾಗೆಯೇ ಉಳಿದುವು.

ದೋಣಿಯ ಪೂರ್ಣ ಉದ್ದ ಇಪ್ಪತ್ತೆರಡೂವರೆ ಅಡಿ. ನೀರಿನ ಗೆರೆಯಲ್ಲಿ ಅಳೆದರೆ 17 ಅಡಿ, ಹೆಸರು ಬಂದದ್ದು ಅದರಿಂದ. ಕೂವೆಕಂಬಕ್ಕೆ ಓರೆಯಾಗಿ ಮೇಲೇರಿದ ಅಡ್ಡಮರದಿಂದ ಇಳಿಬಿದ್ದ ಚೌಕದ ದೊಡ್ಡ ಹಾಯಿ. ಮುಂದೆ ಒಂದು ಮುಮ್ಮೂಲೆ ಹಾಯಿ. ಇವೆರಡರ ಮೇಲೆ, ಆಕಾಶವನ್ನು ಇನ್ನೂ ಸ್ವಲ್ಪ ಕೇಳಿ ಪಡೆದಂತೆ, ಗಳುವಿಗೆ ಬಿಗಿದು ಮೇಲಕ್ಕೇರಿಸಿದ ಮುಡಿಹಾಯಿ. ಮಂದಮಾರುತದಲ್ಲಿ ನೀರಿನ ಮಟ್ಟದಲ್ಲಿ ಇಲ್ಲದ ಗಾಳಿಯನ್ನು ಎತ್ತರದಿಂದ ತರುವುದು ಇದರ ಉಪಕಾರ. ಗಾಳಿ ಬಲಿತಾಗ ದೋಣಿಯನ್ನು ಒಂದು ಮಗ್ಗುಲಿಗೆ ಕೆಡಹುವುದು ಇದರ ಅಪಕಾರ. ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕೆಂಬ ವಿವೇಕದಲ್ಲಿಯೇ ಎಷ್ಟೋ ಪಂದ್ಯಗಳು ನಿರ್ಣಯವಾಗುತ್ತವೆ.

ಇನ್ನು ಕಣ್ಣಿಗೆ ಕಾಣದ ಅಂಗದ ಮಾತು. ದೋಣಿಯ ಅಡಿಯ ಬೆನ್ನೆಲುಬಿನಿಂದ ನೀರಿನೊಳಕ್ಕೆ ಇಳಿದು, ಲೋಹದ ಭಾರವನ್ನು ಹೊತ್ತು ನಿಂತ ಭಾಗಕ್ಕೆ ಕೀಲ್ ಎಂದು ಹೆಸರು. ಇದುಳ್ಳ ದೋಣಿಯೇ ಕೀಲ್‌ಬೋಟು. ಗಾಳಿ ಹಾಯಿಯನ್ನು ಪಕ್ಕಕ್ಕೆ ದೂಡಿದಾಗ ದೋಣಿಯೂ ಪಕ್ಕಕ್ಕೆ ಜಾರಿಹೋಗದಂತೆ ನೀರನ್ನು ಒತ್ತಿ ಹಿಡಿಯುವುದು ಅದರ ಒಂದು ಕೆಲಸ. ವಾಲಿದ ದೋಣಿಯನ್ನು ತನ್ನ ಭಾರದಿಂದ ಮತ್ತೆ ನೆಟ್ಟಗೆ ನಿಲ್ಲಿಸುವುದು ಇನ್ನೊಂದು. ತೆರೆದ ಕಿರುದೋಣಿಯಲ್ಲಿ ಈ ಎರಡನೆಯ ಕೆಲಸವನ್ನು ಮನುಷ್ಯರು ಅಂಚಿನಿಂದ ಹೊರಕ್ಕೆ ಬಾಗಿ ತಮ್ಮ ಮೈಭಾರದಿಂದಲೇ ಮಾಡಬೇಕು. ಅದು ಯುವಕರ ಆಟ. ಕೀಲ್ ಇರುವಲ್ಲಿ ಮಂಡಿನೋವಿನ ಅಜ್ಜನೂ ಮೊಮ್ಮಗಳೂ ಒಂದೇ ದೋಣಿಯಲ್ಲಿ ಸಮಾನ ಸಾರ್ಥಕತೆಯಿಂದ ಕುಳಿತಿರಬಹುದು. ಅನೇಕ ದೋಣಿಗಳು ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿರುವುದಕ್ಕೆ ಇದೂ ಒಂದು ಕಾರಣ.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರ ಸುಮಾರಿಗೆ ಸೂರ್ಯಾಸ್ತ. ಕಚೇರಿ ಮುಗಿಸಿ ಬಂದವರಿಗೂ ಒಂದು ಪೂರ್ಣ ಪಂದ್ಯಕ್ಕೆ ಬೆಳಕು ಉಳಿದಿರುತ್ತದೆ. ಕಾಲ್ಪನಿಕವಾದೊಂದು ಗೆರೆಯ ಹಿಂದೆ ದೋಣಿಗಳು ಒಂದನ್ನೊಂದು ಸುತ್ತುತ್ತಿರುವಾಗ, ಹೊರಡುವುದಕ್ಕೆ ಐದು ನಿಮಿಷ ಮೊದಲು ಒಂದು ಧ್ವಜ, ನಾಲ್ಕು ನಿಮಿಷ ಮೊದಲು ಇನ್ನೊಂದು. ಕೊನೆಯ ಒಂದು ನಿಮಿಷವಿರುವಾಗ ಅದು ಇಳಿಯುವುದು. ಹಾಯಿದೋಣಿಗೆ ನಿಂತು ಕಾಯುವ ಶಕ್ತಿಯಿಲ್ಲ. ಹರಿಯುತ್ತಲೇ ಇದ್ದು, ಸರಿಯಾದ ಕ್ಷಣಕ್ಕೆ, ವೇಗ ತಗ್ಗದಂತೆ, ಗೆರೆಯನ್ನು ಮುಟ್ಟಬೇಕು. ಮುಂಚಿತವಾಗಿ ದಾಟಿದವನು ಹಿಂದಿರುಗಿ ಮತ್ತೆ ಹೊರಡತಕ್ಕದ್ದು. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗಲಾರದಾದ್ದರಿಂದ, ಸುತ್ತಿ ಬರಬೇಕಾದ, ಗಾಳಿಯ ಮೇಲುಗಡೆಯ ತೇಲುಬುರುಡೆಯನ್ನು ಸೇರಬೇಕಾದರೆ ಘಾಟಿಯ ರಸ್ತೆಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುತಿರುಗಿ ಹತ್ತಬೇಕು. ಎಲ್ಲಿ ತಿರುಗಬೇಕು? ದ್ವೀಪದ ಬಂಡೆಗಳ ಕೆಳಗೆ ಗಾಳಿ ಹೇಗೆ ಬಾಗುತ್ತದೆ? ಭರತ ಯಾವ ಕಡೆಗೆ ಎಳೆಯುತ್ತಿದೆ? ದೋಣಿಗಳು ಸಮಾನವಾಗಿರುವಾಗ, ಸೋತವನಿಗೆ ನೆಪ ಹೇಳಲು ಈ ಪ್ರಶ್ನೆಗಳ ಉತ್ತರವಲ್ಲದೆ ಬೇರೇನೂ ಉಳಿಯುವುದಿಲ್ಲ.

ಬಲಮಗ್ಗುಲಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಮಗ್ಗುಲಿಂದ ಪಡೆಯುತ್ತಿರುವುದು ದಾರಿ ಬಿಡಬೇಕೆಂಬುದು ಪ್ರಧಾನ ನಿಯಮ. ಬೆನ್ನಟ್ಟಿ ಬರುವ ಸೀಟಿಯ ತೀರ್ಪುಗಾರ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬುರುಡೆಯನ್ನು ಮುಟ್ಟಿದವನು ತಾನಾಗಿ ಒಂದು ಸುತ್ತು, ಇನ್ನೊಬ್ಬನ ಹಕ್ಕಿನ ದಾರಿಗೆ ಅಡ್ಡಬಂದವನು ಎರಡು ಸುತ್ತು ತಿರುಗಿ ದಂಡ ತೆತ್ತು ಮುಂದುವರಿಯಬೇಕು. ನಕ್ಷೆಯನ್ನು ಮೀರೆವೆಂದು ಒಪ್ಪಿಕೊಂಡವರ ಗುಂಪಿನಲ್ಲಿ ಈ ಒಪ್ಪಂದವೂ ಸುಲಭವಾಗಿ ಬೇರೂರಿತೆನ್ನಬೇಕು.

2018ರ ಮಾರ್ಚಿನಲ್ಲಿ ‘ಎಮ್ಮಾ’ ಎಂಬ ಬಿರುಗಾಳಿ ಮೂಡಣದಿಂದ ಬಂದು, ಚಳಿಗಾಲಕ್ಕೆಂದು ಪೂರ್ವದ ಕಟ್ಟೆಯ ಕೊಟ್ಟಿಗೆಯಲ್ಲಿ ಮಲಗಿಸಿದ್ದ ಏಳು ಹದಿನೇಳಡಿಗಳನ್ನು ಜಜ್ಜಿತು. ಅವುಗಳಲ್ಲಿ ನಮ್ಮ ಮನೆಗಳಲ್ಲಿಯೂ ಕೇಳಿಬರುವ ಹೆಸರಿನ ‘ಅನಿತಾ’ ಒಂದು. ಒಡೆದ ದೋಣಿಯನ್ನು ಫ್ರಾನ್ಸಿನ ಬ್ರಿಟನಿ ತೀರದ ದುವಾರ್ನ್‌ನೇ ಊರಿನ ನೌಕಾನಿರ್ಮಾಣ ಶಾಲೆಯೊಂದಕ್ಕೆ ಒಯ್ದರು. ಬಾಯ್ಡನ ನಕ್ಷೆಯ ಮೇರೆಗೆ ಅಲ್ಲಿ ಅದಕ್ಕೆ ಮರುಹುಟ್ಟು ದೊರೆಯಿತು. ಹೊಸ ಹಲಗೆಗಳ ಅನಿತಾ ಹಳೆಯ ಅನಿತಾ ಹೇಗಾದೀತೆಂದು ತಾರ್ಕಿಕರು ಕೇಳಬಹುದು. ಆದರೆ ಹದಿನೇಳಡಿ ಎಂಬುದು ಎಂದಾದರೂ ಮರದಲ್ಲಿತ್ತೇ? ಮರ ಕೊಳೆಯುತ್ತದೆ, ಹಾಯಿ ಹರಿಯುತ್ತದೆ, ಚುಕ್ಕಾಣಿ ಹಿಡಿದ ಕೈಯೂ ನಡುಗುತ್ತದೆ. 1898ರಿಂದ ಕೆಡದೆ ಬಂದದ್ದು, ಇದಕ್ಕಿಂತ ಚೆನ್ನಾದುದನ್ನು ಕಟ್ಟೆವೆಂದು ನೆರೆಹೊರೆಯವರು ತಮ್ಮತಮ್ಮೊಳಗೆ ಕೊಟ್ಟುಕೊಂಡ ಮಾತು.

ಬಂದರಿಗೆ ಮರಳಿದ ದೋಣಿಗೆ ಆ ಮಾತು ಯಾವ ರಿಯಾಯತಿಯನ್ನೂ ಕೊಡುವುದಿಲ್ಲ. ಐದು ನಿಮಿಷದ ಧ್ವಜ ಏರಿದೊಡನೆ ಅದೂ ಉಳಿದವುಗಳಂತೆಯೇ ಗೆರೆಯ ಹಿಂದೆ ಸುತ್ತತೊಡಗಬೇಕು. ಎಡಮಗ್ಗುಲ ಗಾಳಿಯಲ್ಲಿ ಬಂದರೆ ನೂರು ವರ್ಷದ ನೆರೆಯವಳಿಗೆ ದಾರಿ ಬಿಡಬೇಕು.