ಹೆಸರು ಬದಲಿಸಿದರೆ ತುಂಬಿಕೊಳ್ಳುವ ವಿಂಡೊ

ಲಿನಕ್ಸ್‌ನಲ್ಲಿ ಗ್ನೋಮ್, ಕೆಡಿಇಯಂಥ ಡೆಸ್ಕ್‌ಟಾಪ್‌ಗಳನ್ನು ಬಿಟ್ಟು ಡಿಡಬ್ಲ್ಯುಎಂ, ಎಕ್ಸ್‌ಮೊನಾಡ್‌ನಂಥ ಹಗುರ ವಿಂಡೊ ಮ್ಯಾನೇಜರ್‌ಗಳಿಗೆ ಬಂದವರನ್ನು ಬಹುಕಾಲ ಕಾಡಿದ ತೊಂದರೆ ಒಂದಿದೆ. ಜಾವಾದಲ್ಲಿ ಬರೆದ ತಂತ್ರಾಂಶ ತೆರೆದರೆ ವಿಂಡೊ ಬರುತ್ತದೆ, ಒಳಗೆ ಬರೀ ಬೂದು ಬಣ್ಣ. ಮೆನು ಇಲ್ಲ, ಬಟನ್ ಇಲ್ಲ. ತಂತ್ರಾಂಶ ಮಾತ್ರ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ.

ಕಾರಣ ಇರುವುದು ವಿಂಡೊದ ಚೌಕಟ್ಟಿನಲ್ಲಿ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವ್ಯವಸ್ಥೆ ತೆರೆಯ ಮೇಲೆ ಚಿತ್ರ ಮೂಡಿಸುತ್ತದೆಯೇ ಹೊರತು, ಯಾವ ವಿಂಡೊ ಎಲ್ಲಿ ಕೂರಬೇಕು, ಅದರ ಅಂಚು ಹೇಗಿರಬೇಕು ಎಂಬುದನ್ನು ವಿಂಡೊ ಮ್ಯಾನೇಜರ್‌ಗೆ ಬಿಡುತ್ತದೆ. ಹೆಚ್ಚಿನ ಮ್ಯಾನೇಜರ್‌ಗಳು ಶೀರ್ಷಿಕೆ ಪಟ್ಟಿಯಿರುವ ದೊಡ್ಡ ವಿಂಡೊವೊಂದನ್ನು ಮಾಡಿ, ತಂತ್ರಾಂಶದ ವಿಂಡೊವನ್ನು ಅದರೊಳಗೆ ಕೂರಿಸುತ್ತವೆ. ಆಗ ‘ನಿನ್ನ ಪೋಷಕ ವಿಂಡೊ ಬದಲಾಗಿದೆ’ ಎಂಬ ಸಂದೇಶ ತಂತ್ರಾಂಶಕ್ಕೆ ತಲುಪುತ್ತದೆ. ಅಂಚು ಎಷ್ಟು ದಪ್ಪ, ಒಳಗಿನದನ್ನು ಎಲ್ಲಿಂದ ಬರೆಯಬೇಕು ಎಂದು ಲೆಕ್ಕ ಹಾಕಲು ಜಾವಾ ಕಾಯುವುದು ಈ ಸಂದೇಶಕ್ಕೇ. ಡಿಡಬ್ಲ್ಯುಎಂ ಚೌಕಟ್ಟನ್ನೇ ಹಾಕುವುದಿಲ್ಲ. ಸಂದೇಶ ಬರುವುದಿಲ್ಲ, ಲೆಕ್ಕ ತಪ್ಪುತ್ತದೆ.

ಚೌಕಟ್ಟು ಹಾಕದ ಮ್ಯಾನೇಜರ್‌ಗಳೂ ಇವೆ ಎಂದು ಜಾವಾಗೆ ಗೊತ್ತಿಲ್ಲದೆ ಇಲ್ಲ. ಆದರೆ ಅದು ಅವುಗಳನ್ನು ಗುರುತಿಸುವುದು ಹೆಸರಿನಿಂದ! ಅದರೊಳಗೆ ಹೆಸರುಗಳ ಪಟ್ಟಿಯೊಂದಿದೆ. ಅದರಲ್ಲಿ ಎಲ್‌ಜಿ3ಡಿ ಒಂದು. ಜಾವಾ ರೂಪಿಸಿದ ಸನ್ ಕಂಪನಿಯೇ ಕಟ್ಟುತ್ತಿದ್ದ ‘ಲುಕಿಂಗ್ ಗ್ಲಾಸ್’ ಎಂಬ ಮೂರು ಆಯಾಮದ ಡೆಸ್ಕ್‌ಟಾಪ್‌ನ ಹೆಸರದು. ಆ ಯೋಜನೆ ಎಂದೋ ನಿಂತುಹೋಯಿತು. ‘ಡಬ್ಲ್ಯುಎಂನೇಮ್’ ಎಂಬ ಪುಟ್ಟ ಸಾಧನದಿಂದ ಮ್ಯಾನೇಜರ್‌ನ ಹೆಸರನ್ನು ಎಲ್‌ಜಿ3ಡಿ ಎಂದು ಬದಲಿಸಿ ಜಾವಾ ತಂತ್ರಾಂಶವನ್ನು ಮತ್ತೆ ತೆರೆದರೆ, ಬೂದು ವಿಂಡೊದಲ್ಲಿ ಎಲ್ಲವೂ ಸರಿಯಾಗಿ ಕಾಣಿಸಿಕೊಳ್ಳುತ್ತದೆ. ಬೇರೇನೂ ಬದಲಾಗಿರುವುದಿಲ್ಲ. ಮುಂದೆ, ಮ್ಯಾನೇಜರ್ ಚೌಕಟ್ಟು ಹಾಕುವುದಿಲ್ಲ ಎಂದು ನೇರವಾಗಿ ಹೇಳಲು ಜಾವಾದಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಬಂತು.

ಹೆಸರು ಕೇಳುವ ಈ ಪದ್ಧತಿ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಳೆ ಯಾರಾದರೂ ಹೊಸ ಮ್ಯಾನೇಜರ್ ಬರೆದರೆ ಅದರ ಹೆಸರು ಹಳೆಯ ಪಟ್ಟಿಯಲ್ಲಿ ಇರಲು ಹೇಗೆ ಸಾಧ್ಯ? ತನಗೆ ಏನೇನು ಬರುತ್ತದೆ, ಅಂಚು ಎಷ್ಟು ದಪ್ಪ ಎಂಬುದನ್ನು ಮ್ಯಾನೇಜರ್ ತಾನೇ ಪ್ರಕಟಿಸಲು ಇಡಬ್ಲ್ಯುಎಂಎಚ್ ಎಂಬ ಒಪ್ಪಿತ ನಿಯಮಾವಳಿ ಇದೆ. ಕೇಳಬೇಕಾದ್ದು ಅದನ್ನು.

ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲೂ ಚೌಕಟ್ಟಿನ ತಕರಾರು ಮುಗಿದಿಲ್ಲ. ಶೀರ್ಷಿಕೆ ಪಟ್ಟಿಯನ್ನು ತಂತ್ರಾಂಶವೇ ಬರೆದುಕೊಳ್ಳಲಿ ಎನ್ನುತ್ತದೆ ಗ್ನೋಮ್. ಕೆಡಿಇ ತಾನೇ ಬರೆದುಕೊಡಲು ಸಿದ್ಧ. ಕೆಡಿಇಯನ್ನು ನಂಬಿ ಬರೆದ ತಂತ್ರಾಂಶ ಗ್ನೋಮ್‌ನಲ್ಲಿ ಶೀರ್ಷಿಕೆಯೂ ಇಲ್ಲದೆ, ಮುಚ್ಚುವ ಬಟನ್ನೂ ಇಲ್ಲದೆ ಬೋಳಾಗಿ ತೆರೆದುಕೊಳ್ಳುತ್ತದೆ. ಅಂಥವಕ್ಕೆ ಪಟ್ಟಿ ಬರೆದುಕೊಡಲೆಂದೇ ಈಗ ಲಿಬ್‌ಡೆಕಾರ್ ಎಂಬ ಪ್ರತ್ಯೇಕ ಲೈಬ್ರರಿ ಇದೆ.